ಜೀಪಿನಿಂದ ಇಳಿದುಬಿಟ್ಟವರು

ಮೊನ್ನೆ ಕೊಳ್ಳೇಗಾಲದ ಬಸ್ ನಿಲ್ದಾಣದ ಹೊರಗೆ ತಮ್ಮನ ಮಗನಿಗಾಗಿ ಕಾಯುತ್ತ ನಿಂತಿದ್ದೆ. ಒಂದು ಲಾರಿ ಬಂದು ಎದುರಿಗೇ ನಿಂತಿತು. ಅದರ ಮೂಟೆಗಳಲ್ಲಿ ಬೇಯಿಸಿ ಒಣಗಿಸಿದ ರೇಷ್ಮೆ ಹುಳು. ಕೋಳಿ ಮೇವಿಗೋ ಮೀನಿನ ಮೇವಿಗೋ ಎಲ್ಲಿಗೋ ಸಾಗುತ್ತಿತ್ತು. ನಿಂತಿದ್ದವರೆಲ್ಲ ಸೆರಗನ್ನೋ ಕರ್ಚೀಫನ್ನೋ ಮೂಗಿಗೆ ಹಿಡಿದು ದೂರ ಸರಿದರು. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು, "ಅಜ್ಜಿ, ಈ ಕಡೆ ಬನ್ನಿ, ತಡೆಯಕ್ಕಾಗಲ್ಲ ಈ ವಾಸನೆ" ಎಂದು ನನ್ನ ಕೈ ಹಿಡಿದಳು. ನಾನು ಅಲ್ಲೇ ನಿಂತಿದ್ದೆ. ಎಷ್ಟೋ ವರ್ಷ ಆ ವಾಸನೆಯಲ್ಲೇ ಉಂಡು ಮಲಗಿದವಳು ನಾನು. ಅದು ಮೂಗಿಗೆ ಬಡಿದ ಕೂಡಲೇ ಹನೂರಿನ ನಮ್ಮ ಬೀದಿ ಕಣ್ಣಿಗೆ ಬಂತು. ಬೀದಿಯ ಕೊನೆಯಲ್ಲಿ ತೆಂಗಿನ ಗರಿ ಹೊದಿಸಿದ ಚಪ್ಪರ, ಅದರಡಿಯಲ್ಲಿ ಒಲೆಯ ಹೊಗೆ, ಕುದಿವ ನೀರಿನ ಆವಿ, ಆವಿಯ ಆಚೆ ಬನಿಯನ್ನು ತೊಟ್ಟು ಚರಕದ ಚಕ್ರ ತಿರುಗಿಸುತ್ತಿದ್ದ ಡ್ರೈವರಣ್ಣ...

ಬಸ್ಸು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಬೀದಿಗೆ ಅವರು ಡ್ರೈವರಣ್ಣನೇ. ಕೆಲವರು ಅಭ್ಯಾಸಬಲದಿಂದ ಹಾಗೆ ಕರೆಯುತ್ತಿದ್ದರು. ಕೆಲವರು ಚುಚ್ಚುವುದಕ್ಕೆಂದೇ ಕರೆಯುತ್ತಿದ್ದರು.

ನಾನು ಚಿಕ್ಕವಳಿದ್ದಾಗ ಹನೂರಿನಿಂದ ಕೊಳ್ಳೇಗಾಲಕ್ಕೆ ಓಡುತ್ತಿದ್ದ ಖಾಸಗಿ ಬಸ್ಸಿಗೆ ಅವರೇ ಡ್ರೈವರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಹಣೆಯ ಮೇಲೆ ಅಡ್ಡ ವಿಭೂತಿ, ಕಿವಿಯ ಸಂದಿಯಲ್ಲಿ ಒಂದು ಹೂವು. ಬಸ್ಸು ಹತ್ತುವ ಮುಂಚೆ ಚಕ್ರಗಳನ್ನೆಲ್ಲ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಕೊಳ್ಳೇಗಾಲದಿಂದ ಔಷಧಿ ಬೇಕಾದವರು ಅವರಿಗೆ ಹೇಳಿ ಕಳಿಸುತ್ತಿದ್ದರು. ಮದುವೆಗೆ ಸೀರೆ ತರಬೇಕಾದವರೂ ಅವರನ್ನೇ ಕೇಳುತ್ತಿದ್ದರು. ತುಂಬು ಬಸುರಿ ಹತ್ತಿದರೆ ಮುಂದಿನ ಸೀಟಿನವರನ್ನು ಎಬ್ಬಿಸಿ ಕೂರಿಸುತ್ತಿದ್ದರು, ದಾರಿಯುದ್ದಕ್ಕೂ ಗಾಡಿಯನ್ನು ಎತ್ತಿನ ಬಂಡಿಯಂತೆ ನಿಧಾನವಾಗಿ ನಡೆಸುತ್ತಿದ್ದರು. ನಮ್ಮ ಅಪ್ಪ ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ಅವರೂ, "ಆ ಡ್ರೈವರ್ ಕುಂತವ್ನೆ ಅಂದ್ರೆ ನಿದ್ದೆ ಮಾಡ್ಕಂಡು ಓಗ್ಬೋದು" ಎನ್ನುತ್ತಿದ್ದರು.

ಐವತ್ತಾರರಲ್ಲಿ, ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷವೇ ಆ ಬಸ್ಸು ಉರುಳಿತು. ಸಂತೆಯ ದಿನ, ಗಾಡಿ ತುಂಬ ಜನ. ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಮೋರಿಯ ಕಟ್ಟೆಗೆ ಬಡಿದು ಬಸ್ಸು ಹಳ್ಳಕ್ಕೆ ಮಗುಚಿಕೊಂಡಿತು. ಮಗಳನ್ನು ನೋಡಲು ಹೊರಟಿದ್ದ ಧನಗೆರೆಯ ಮುದುಕರೊಬ್ಬರೂ ಬಳೆ ಮಾರುವ ಹೆಂಗಸೊಬ್ಬಳೂ ಅಲ್ಲೇ ಪ್ರಾಣ ಬಿಟ್ಟರು. ಡ್ರೈವರಣ್ಣನ ಪಕ್ಕೆಲುಬು ಮುರಿದಿತ್ತು. ಆದರೂ ಒಳಗಿದ್ದವರನ್ನು ಒಬ್ಬೊಬ್ಬರನ್ನಾಗಿ ಎಳೆದು ಹಾಕಿದರಂತೆ.

ಬ್ರೇಕು ಸರಿಯಿಲ್ಲ ಎಂದು ಅವರು ಬಸ್ಸಿನ ಸಾಹುಕಾರರಿಗೆ ಮೊದಲೇ ಹೇಳಿದ್ದರು. ಸಂತೆ ಮುಗಿಯಲಿ, ಆಮೇಲೆ ನೋಡೋಣ ಎಂದು ಸಾಹುಕಾರರು ಕಳಿಸಿದ್ದರು. ಆ ಮಾತು ನಡೆದಾಗ ಅಲ್ಲಿ ಇದ್ದವರು ಅವರಿಬ್ಬರೇ. ಕೇಸು ಕೋರ್ಟಿಗೆ ಬಂದಾಗ ಸಾಹುಕಾರರ ಕಡೆಯವರು, ಬ್ರೇಕು ಚೆನ್ನಾಗಿಯೇ ಇತ್ತು, ಡ್ರೈವರು ಕುಡಿದಿದ್ದ ಎಂದು ಸಾಕ್ಷಿ ಹೇಳಿದರು. ಡ್ರೈವರಣ್ಣನ ಬಾಯಲ್ಲಿ ಒಂದು ದಿನವೂ ಹೆಂಡದ ವಾಸನೆ ಕಂಡವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಆದರೆ ಸಾಹುಕಾರರ ಎದುರು ನಿಂತು ಹಾಗೆಂದು ಹೇಳುವವರೂ ಯಾರೂ ಇರಲಿಲ್ಲ.

ಕೇಸು ಎಳೆದೂ ಎಳೆದೂ ಕೊನೆಗೆ ಸಾಕ್ಷಿ ಸಾಲದು ಎಂದು ಬಿಟ್ಟರು. ತಪ್ಪಿಲ್ಲ ಎಂದೂ ಯಾರೂ ಹೇಳಲಿಲ್ಲ, ತಪ್ಪಿದೆ ಎಂದೂ ಹೇಳಲಿಲ್ಲ. ಕಿತ್ತುಕೊಂಡಿದ್ದ ಲೈಸೆನ್ಸು ಹಳೆಯ ಜಿಲ್ಲೆಯಲ್ಲಿದೆ ಎಂದು ಇಲ್ಲಿಯವರು ಹೇಳಿದರೆ, ಹೊಸ ಜಿಲ್ಲೆಗೆ ಕಳಿಸಿದ್ದೇವೆ ಎಂದು ಅಲ್ಲಿಯವರು ಹೇಳುತ್ತಿದ್ದರು. ಓಡಾಡಿ ಓಡಾಡಿ ಅವರೂ ಸುಮ್ಮನಾದರು. ಬೇರೆ ಬಸ್ಸಿನವರ ಬಳಿ ಕೆಲಸ ಕೇಳಲೂ ಹೋಗಲಿಲ್ಲ. ಜಗುಲಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತಿರುತ್ತಿದ್ದರು. ನಾವು ಹುಡುಗಿಯರು ನೀರಿಗೆ ಹೋಗುವಾಗ ಒಂದು ವಿಚಿತ್ರ ಕಾಣುತ್ತಿತ್ತು. ಕೂತಲ್ಲೇ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು...

ಅವರ ಹೆಂಡತಿ, ನಮಗೆಲ್ಲ ಅತ್ತಿಗೆ, ಯಳಂದೂರು ಕಡೆಯವರು. ತವರು ಮಾಂಬಳ್ಳಿ. ರೇಷ್ಮೆ ಗೂಡನ್ನು ಬೇಯಿಸಿ ನೂಲು ಬಿಚ್ಚುವುದು ತವರಿನಲ್ಲೇ ಕಲಿತ ಕೆಲಸ. ಗಂಡ ಹೀಗೆ ಕೂತದ್ದನ್ನು ಒಂದಷ್ಟು ದಿನ ನೋಡಿದರು. ಆಮೇಲೆ ತವರಿನಿಂದ ಒಂದು ಹಳೆಯ ಚರಕವನ್ನು ಗಾಡಿಯ ಮೇಲೆ ಹೇರಿಸಿಕೊಂಡು ಬಂದರು. ಒಲೆಯ ಮುಂದೆ ಕೂತು ಗೂಡಿನಿಂದ ಎಳೆ ತೆಗೆಯುವವರು ಒಬ್ಬರು, ಅದನ್ನು ಸುತ್ತುವ ಚಕ್ರ ತಿರುಗಿಸುವವರು ಇನ್ನೊಬ್ಬರು. ಅತ್ತಿಗೆ ಒಲೆಯ ಮುಂದೆ ಕೂತರು. ಚಕ್ರಕ್ಕೆ ಗಂಡನನ್ನು ನಿಲ್ಲಿಸಿದರು. "ಸ್ಟೇರಿಂಗ್ ಬುಟ್ಟು ಎಂಡ್ರು ಚಕ್ರ ಇಡ್ಕಂಡ್ನಲ್ಲಪ್ಪಾ" ಎಂದು ಬೀದಿಯ ಗಂಡಸರು ನಕ್ಕರು. ಅವರಿಗೆ ಕೇಳುವ ಹಾಗೇ ನಕ್ಕರು.

ಇಷ್ಟರಲ್ಲಿ ನನಗೆ ಸತ್ತೇಗಾಲಕ್ಕೆ ಮದುವೆಯಾಗಿತ್ತು. ಗದ್ದೆ, ಕಬ್ಬು, ತೆಂಗಿನ ತೋಟವಿದ್ದ ಮನೆ. ಚೊಚ್ಚಲ ಹೆರಿಗೆಗೆ ಹನೂರಿಗೆ ಬಂದೆ. ಒಂದು ಬೆಳಿಗ್ಗೆ ನೋವು ಶುರುವಾಯಿತು. ಮಧ್ಯಾಹ್ನವಾದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಕೈ ತೊಳೆದುಕೊಂಡು ಹೊರಗೆ ಬಂದು, "ಕೊಳ್ಳೇಗಾಲಕ್ಕೆ ತಕಂಡೋಗಿ, ಇದು ನನ್ ಕೈ ಮೀರ್ತು" ಎಂದಳು. ಮಧ್ಯಾಹ್ನದ ಬಸ್ಸು ಹೋಗಿಬಿಟ್ಟಿತ್ತು. ಬಿದಿರಿನ ಕಂಟ್ರಾಕ್ಟರರ ಜೀಪು ಹೋಟೆಲಿನ ಮುಂದೆ ನಿಂತಿತ್ತು. ಅದರ ಡ್ರೈವರು ಜ್ವರ ಬಂದು ಊರಿಗೆ ಹೋಗಿದ್ದ. ಕಂಟ್ರಾಕ್ಟರರು ಕೇಳಿದ ಕೂಡಲೇ ಬೀಗದ ಕೈ ಕೊಟ್ಟರು. ಊರಿನಲ್ಲಿ ಆ ಹೊತ್ತು ಗಾಡಿ ಓಡಿಸಬಲ್ಲವರು ಒಬ್ಬರೇ. ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ಬೀದಿಯ ಕೊನೆಗೆ ಓಡಿದರು.

ಡ್ರೈವರಣ್ಣ ಬಂದರು. ಲೈಸೆನ್ಸ್ ಇಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹಾಗೆ ಹೇಳಲಿಲ್ಲ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಸೀಟಿನಲ್ಲಿ ಕೂತರು. ನನ್ನನ್ನು ಹಿಂದೆ ಹಾಸಿಗೆ ಹಾಸಿ ಮಲಗಿಸಿದ್ದರು, ತಲೆ ಅವ್ವನ ತೊಡೆಯ ಮೇಲಿತ್ತು. ನನಗೆ ಕಾಣುತ್ತಿದ್ದದ್ದು ಅವರ ಬೆನ್ನು, ಕತ್ತು, ಚಕ್ರದ ಮೇಲಿದ್ದ ಎರಡು ಕೈ. ಎಂಜಿನ್ ಶುರುವಾಯಿತು. ಜೀಪು ಹೋಟೆಲು ದಾಟಿತು, ಆಲದ ಮರ ದಾಟಿತು. ಮುಂದೆ ಸಣ್ಣದೊಂದು ಇಳಿಜಾರಿತ್ತು. ಅಲ್ಲಿ ನಿಂತುಬಿಟ್ಟಿತು.

ಅವರ ಅಂಗಿಯ ಬೆನ್ನು ನೋಡನೋಡುತ್ತಿದ್ದಂತೆ ಒದ್ದೆಯಾಯಿತು. "ಯಾಕೆ, ಯಾಕೆ ನಿಲ್ಲಿಸ್ಬುಟ್ರಿ?" ಎಂದು ಅಪ್ಪ ಕೂಗಿದರು. ಡ್ರೈವರಣ್ಣ ಕೆಳಗಿಳಿದು ಜೀಪಿನ ಮಡ್‌ಗಾರ್ಡ್ ಹಿಡಿದು ನಿಂತರು.

"ನನ್ ಕೈಲಿ ಆಗದಿಲ್ಲ ಗೌಡ್ರೇ. ಮಗಾನ ಸಾಯ್ಸ್ಬುಡ್ತೀನಿ ನಾನು."

ಅಪ್ಪ ಬೈದರು, ಆಮೇಲೆ ಕಾಲು ಹಿಡಿದರು. ಅವ್ವ ನನ್ನ ತಲೆಯನ್ನು ಎದೆಗೊತ್ತಿಕೊಂಡು ಅವರಿಗೆ ಹಾಕಿದ ಶಾಪ ಬೀದಿಗೆಲ್ಲ ಕೇಳಿಸಿತು. ಅವರು ತಲೆ ಎತ್ತಲಿಲ್ಲ. ಕೊನೆಗೆ ಎತ್ತಿನ ಗಾಡಿ ಕಟ್ಟಿದರು. ದಾರಿಯಲ್ಲಿ ಸಂಜೆಯ ಬಸ್ಸು ಸಿಕ್ಕಿತು. ಆಸ್ಪತ್ರೆ ಸೇರುವ ಹೊತ್ತಿಗೆ ನನಗೆ ಪ್ರಜ್ಞೆ ಇರಲಿಲ್ಲ. ಎಚ್ಚರವಾದಾಗ ಹೊಟ್ಟೆ ಬರಿದಾಗಿತ್ತು, ಪಕ್ಕವೂ ಬರಿದಾಗಿತ್ತು. ಹೆಣ್ಣು ಮಗು, ಒಳ್ಳೆ ತೂಕವಿತ್ತು ಎಂದು ಯಾರೋ ಹೇಳಿದರು. ಇನ್ನು ನನಗೆ ಮಕ್ಕಳಾಗುವುದಿಲ್ಲ ಎಂದೂ ಹೇಳಿದರು. ಆಸ್ಪತ್ರೆಯ ಡಾಕ್ಟರಮ್ಮ ಅಪ್ಪನ ಬಳಿ, "ಸ್ವಲ್ಪ ಮುಂಚೆ ತಂದಿದ್ದರೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು.

ಸತ್ತೇಗಾಲದವರು ಕೆಲವು ತಿಂಗಳು ಕಾದರು. ಆಮೇಲೆ ಇನ್ನೊಂದು ಹೆಣ್ಣು ತಂದರು. ಯಾರೂ ನನ್ನನ್ನು ಓಡಿಸಲಿಲ್ಲ. ಹೊಸಬಳು ಬಸುರಿಯಾದಾಗ ಅವಳ ಕಣ್ಣಿಗೆ ನಾನು ಬೀಳದಿರಲಿ ಎಂದು ಅತ್ತೆ ನನ್ನನ್ನು ಹಿತ್ತಲಿನಲ್ಲೇ ಇರಲು ಹೇಳಿದರು. ನಾನು ಸೀರೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ.

ತವರಿನಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ಆದರೆ ನಾನು ಯಾರು ಎಂದು ಹೇಳಿಕೊಳ್ಳಲು ಒಂದು ಮಾತು ಇರಲಿಲ್ಲ. ಮಗಳು ಎಂದರೆ ಮದುವೆಯಾಗಿ ಹೋದವಳು. ಹೆಂಡತಿ ಎಂದರೆ ಮನೆ ಬಿಟ್ಟು ಬಂದವಳು. ನಾಮಕರಣಕ್ಕೆ ಕರೆಯುವವರು ಅವ್ವನನ್ನು ಮಾತ್ರ ಕರೆದು ಹೋಗುತ್ತಿದ್ದರು. ಅವ್ವ ಡ್ರೈವರಣ್ಣನ ಮನೆಯ ಮುಂದೆ ಹೋಗುವಾಗಲೆಲ್ಲ ನೆಲಕ್ಕೆ ಉಗಿದು ಹೋಗುತ್ತಿದ್ದಳು. ಅವರು ಚಪ್ಪರದೊಳಗಿಂದ ನೋಡುತ್ತಿದ್ದರು, ನೋಡಿಯೂ ಚಕ್ರ ತಿರುಗಿಸುತ್ತಿದ್ದರು.

ಒಂದು ದಿನ ನಾನೇ ಆ ಚಪ್ಪರಕ್ಕೆ ಹೋದೆ. ಜಗಳಕ್ಕೆಂದೇ ಹೋದೆ. ಆವಿಯಲ್ಲಿ ಕಣ್ಣು ಉರಿಯುತ್ತಿತ್ತು. ನನ್ನನ್ನು ಕಂಡು ಚಕ್ರ ನಿಂತಿತು. ಅತ್ತಿಗೆ ಎದ್ದರು.

"ಅವತ್ತು ಯಾಕೆ ಇಳಿದ್ಬುಟ್ರಿ?" ಎಂದೆ.

ಡ್ರೈವರಣ್ಣ ಚಕ್ರದ ಹಿಡಿ ಬಿಟ್ಟು ಹೇಳಿದರು. "ಬಸ್ಸು ಉರುಳ್ದಾಗ ಕಾಲು ಬ್ರೇಕ್ ಮೇಲೆ ಇತ್ತು ಅಂತ್ಲೇ ಅನ್ಕಂಡಿದ್ದೆ ಕಣವ್ವ. ಕೋರ್ಟ್ನಲ್ಲಿ ಎಲ್ರೂ ಇಲ್ಲ ಇಲ್ಲ ಅಂದ್ರು. ಕೇಳಿ ಕೇಳಿ ನಂಗೇ ಗೊತ್ತಾಗ್ದಂಗಾಯ್ತು. ಒತ್ತಿದ್ನೋ, ಇಲ್ಲ ಗಾಬ್ರಿಲಿ ಇನ್ನೇನಾರ ಒತ್ಬುಟ್ನೋ... ಆವತ್ತು ನಿನ್ ಕರ್ಕಂಡು ಕುಂತಾಗ ಆ ಕಾಲು ನಂದು ಅಂತ್ಲೇ ಅನ್ನಿಸ್ನಿಲ್ಲ."

ಆಮೇಲೆ, "ಬೈದ್ಬುಡವ್ವ. ನಿಮ್ಮವ್ವ ಬೈತಾಳೆ. ನೀನು ಒಂದ್ ದಿನಾನೂ ಬೈಯ್ನಿಲ್ಲ" ಎಂದರು.

ಬೈಯಲು ಆಗಲಿಲ್ಲ. ಹಾಗೆಂದು ಕ್ಷಮಿಸಿದೆ ಎಂದೂ ಹೇಳಲಾರೆ. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ. ಅಲ್ಲಿಂದ ಹೊರಟು ಹೋಗುವುದಾದರೂ ಎಲ್ಲಿಗೆ ಎಂದು ತೋಚದೆ ನಿಂತಿದ್ದೆ. ಅತ್ತಿಗೆ ತಮ್ಮ ಮಣೆಯ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿ, "ಕುಂತ್ಕ. ಬಿಸಿನೀರ್ಗೆ ಕೈ ಆಕುವಾಗ ನೋಡ್ಕಂಡು ಆಕು" ಎಂದರು. ಕೂತೆ.

ಕೆಲಸ ಹಿಡಿಯುವುದು ಕಷ್ಟವಾಯಿತು. ಬೆಂದ ಗೂಡಿನ ಎಳೆಯ ತುದಿ ಕಣ್ಣಿಗೇ ಕಾಣದಷ್ಟು ಸಣ್ಣ. ಕೆಲವು ಗೂಡುಗಳ ಎಳೆಗಳನ್ನು ಸೇರಿಸಿ ಒಂದೇ ನೂಲು ಮಾಡಬೇಕು. ಒಂದು ಎಳೆ ಕಿತ್ತುಹೋದರೆ ನೂಲು ಅಲ್ಲಿ ತೆಳ್ಳಗಾಗುತ್ತದೆ, ಮಗ್ಗದ ಮೇಲೆ ಹೋದಾಗ ಗೊತ್ತಾಗುತ್ತದೆ. ನನ್ನ ಕೈಯಲ್ಲಿ ಮತ್ತೆ ಮತ್ತೆ ಕಿತ್ತುಹೋಗುತ್ತಿತ್ತು. ಮೊದಮೊದಲು ಹೇಳದೆ ಮುಚ್ಚಿಬಿಡುತ್ತಿದ್ದೆ. ಅದು ಡ್ರೈವರಣ್ಣನಿಗೆ ಚಕ್ರದ ಹಿಡಿಯಲ್ಲೇ ತಿಳಿಯುತ್ತಿತ್ತು. ಒಂದು ದಿನ ಮೆಲ್ಲಗೆ ಹೇಳಿದರು, "ಕಿತ್ತೋದ್ರೆ ಕಿತ್ತೋಯ್ತು ಅಂತ ಏಳ್ಬುಡು ಮಗ. ನಿಲ್ಲಿಸ್ತೀನಿ. ಇಲ್ಲಿ ಯಾರೂ ಕೋರ್ಟ್ ಮಾಡಕಿಲ್ಲ."

ಅಂದಿನಿಂದ ನಾನು ಕೂಗಿ ಹೇಳುತ್ತಿದ್ದೆ. ಕಿತ್ತೋಯ್ತು ಎನ್ನುತ್ತಲೇ ಚಕ್ರ ನಿಲ್ಲುತ್ತಿತ್ತು. ಎಳೆ ಸೇರಿಸಿದ ಮೇಲೆ ಮತ್ತೆ ತಿರುಗುತ್ತಿತ್ತು. ತಪ್ಪು ಮಾಡಿದೆ ಎಂದು ಬಾಯಿಬಿಟ್ಟು ಹೇಳಿಯೂ ಮನುಷ್ಯಳಾಗಿ ಕೂತಿರಬಹುದಾದ ಜಾಗ ನನಗೆ ಅದೊಂದೇ ಇತ್ತು. ಅವರಿಗೂ ಹಾಗೇ ಇದ್ದಿರಬೇಕು...

ಬರಬರುತ್ತ ಅವರೂ ಒಲೆಯ ಮುಂದೆ ಕೂತು ನೂಲು ತೆಗೆಯುವುದನ್ನು ಕಲಿತರು. ಬಿಸಿನೀರಿಗೆ ಬೆರಳುಗಳು ಬೆಳ್ಳಗೆ ಸುಕ್ಕಾದವು. ಇನ್ನೊಂದು ಚರಕ ಬಂತು. ಕೊಳ್ಳೇಗಾಲದ ನೇಕಾರರ ಮನೆಗಳಿಗೆ ಸುತ್ತಿದ ನೂಲಿನ ಲಡಿಗಳನ್ನು ಒಯ್ಯುವುದು ಮೊದಲು ಅತ್ತಿಗೆಯ ಕೆಲಸವಾಗಿತ್ತು. ಅವರಿಗೆ ಎದೆನೋವು ಶುರುವಾದ ಮೇಲೆ ನನ್ನ ಪಾಲಿಗೆ ಬಂತು. ಒಂದು ದಿನ ಡ್ರೈವರಣ್ಣ, "ನಾನೂ ಬತ್ತೀನಿ" ಎಂದರು. ಲೈಸೆನ್ಸಿನ ಓಡಾಟ ಬಿಟ್ಟ ಮೇಲೆ ಅಷ್ಟು ವರ್ಷ ಬಸ್ಸಿನ ಮೆಟ್ಟಿಲು ತುಳಿದಿರಲಿಲ್ಲ. ಕೊನೆಯ ಸೀಟಿನಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತರು. ಇಳಿಜಾರು ಬಂದಾಗ ಮಡಿಲಿನಲ್ಲಿದ್ದ ಲಡಿಯ ಗಂಟನ್ನು ತಬ್ಬಿ ಹಿಡಿದು ಕಣ್ಣು ಮುಚ್ಚಿದರು. ನೇಕಾರರ ಯಜಮಾನರು ನೂಲನ್ನು ಬೆರಳಲ್ಲಿ ಎಳೆದು ನೋಡಿ ಒಳಗೆ ತಿರುಗಿ, "ಹನೂರಿನ ರೇಷ್ಮೆಯವರು ಬಂದವ್ರೆ, ಕಾಫಿ ಕೊಡಿ" ಎಂದರು. ಡ್ರೈವರಣ್ಣ ಹಿಂದಕ್ಕೆ ತಿರುಗಿ ನೋಡಿದರು, ಬೇರೆ ಯಾರೋ ಬಂದಿದ್ದಾರೇನೋ ಎಂಬಂತೆ. ತಮ್ಮನ್ನೇ ಎಂದು ತಿಳಿದಾಗ ಮುಖ ಕೆಂಪಾಯಿತು.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬದುಕು ಇಲ್ಲಿಗೆ ನಿಲ್ಲಲಿಲ್ಲ.

ಹನೂರಿನಲ್ಲಿ ನೂಲು ಬಿಚ್ಚುವವರಿಗೆಂದು ಒಂದು ಸಹಕಾರ ಸಂಘ ಶುರುವಾಯಿತು. ಸಂಘದಿಂದ ಒಳ್ಳೆ ಗೂಡು ಸಿಗುತ್ತದೆ, ನೂಲಿಗೆ ನ್ಯಾಯವಾದ ಬೆಲೆ ಸಿಗುತ್ತದೆ ಎಂದು ಎಲ್ಲರಿಗೂ ಆಸೆ. ಉದ್ಘಾಟನೆಗೆ ಬಂದವರು ಆ ಬಸ್ಸಿನ ಸಾಹುಕಾರರು. ಅಷ್ಟು ಹೊತ್ತಿಗೆ ಅವರು ಬಸ್ಸುಗಳನ್ನು ಮಾರಿ ದೊಡ್ಡ ಮುಖಂಡರಾಗಿದ್ದರು, ಖಾದಿ ತೊಟ್ಟಿದ್ದರು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಮೈಕು ಕಟ್ಟಿದ್ದರು. ನಾವು ಮೂವರೂ ಮಧ್ಯದ ಸಾಲಿನಲ್ಲಿ ಕೂತಿದ್ದೆವು. ಭಾಷಣದ ನಡುವೆ ಸಾಹುಕಾರರ ಕಣ್ಣಿಗೆ ಡ್ರೈವರಣ್ಣ ಬಿದ್ದರು. ನಗುತ್ತ ಕೈ ತೋರಿಸಿದರು.

"ನೋಡಿ, ಅಲ್ಲಿ ಕೂತಿದ್ದಾನಲ್ಲ, ಒಂದು ಕಾಲಕ್ಕೆ ನನ್ನ ಡ್ರೈವರು. ಕುಡಿದು ಬಸ್ಸು ಉರುಳಿಸಿ ಇಬ್ಬರ ಪ್ರಾಣ ತೆಗೆದ. ನಾನು ಮನಸ್ಸು ಮಾಡಿದ್ದರೆ ಜೈಲಿನಲ್ಲಿರುತ್ತಿದ್ದ. ಹೋಗಲಿ ಎಂದು ಕ್ಷಮಿಸಿದೆ. ಇವತ್ತು ತಿದ್ದಿಕೊಂಡು ಮರ್ಯಾದೆಯಿಂದ ಬದುಕುತ್ತಿದ್ದಾನೆ. ದುಡಿಮೆ ಮನುಷ್ಯನನ್ನು ಹೇಗೆ ಬದಲಾಯಿಸುತ್ತದೆ ನೋಡಿ!"

ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತರೂ ಡ್ರೈವರಣ್ಣ ಕೂತೇ ಇದ್ದರು. ಆಮೇಲೆ ಎದ್ದು ನಿಂತರು. ಅತ್ತಿಗೆ ಪಂಚೆ ಹಿಡಿದು ಎಳೆದರು. ಅವರು ಕೂರಲಿಲ್ಲ.

"ನಾನು ಕುಡ್ದಿರ್ನಿಲ್ಲ ಸಾ" ಎಂದರು. ಮೈಕಿಲ್ಲದಿದ್ದರೂ ಧ್ವನಿ ಅಂಗಳದ ತುದಿಗೆ ಮುಟ್ಟಿತು. "ಬ್ರೇಕ್ ಇರ್ನಿಲ್ಲ. ನಿಮಗೆ ಏಳಿದ್ದೆ. ಸಂತೆ ಆಗ್ಲಿ ಅಂದಿದ್ರಿ. ನಿಮಗೂ ಗೊತ್ತು, ನಂಗೂ ಗೊತ್ತು."

ಈಗಲಾದರೂ ಯಾರಾದರೂ ಎದ್ದು ಹೌದು ಎನ್ನುತ್ತಾರೆ ಎಂದುಕೊಂಡೆ. ಆ ಬಸ್ಸಿನಲ್ಲಿದ್ದವರೇ ಅಲ್ಲಿ ಕೆಲವರಿದ್ದರು, ಡ್ರೈವರಣ್ಣನ ಕೈ ಹಿಡಿದು ಹಳ್ಳದಿಂದ ಮೇಲೆ ಬಂದವರು. ಯಾರೂ ಏಳಲಿಲ್ಲ. ಸಾಹುಕಾರರು ನಕ್ಕು, "ಇವತ್ತೂ ಸ್ವಲ್ಪ ಹಾಕಿಕೊಂಡು ಬಂದಿರಬೇಕು" ಎಂದರು. ಅಂಗಳಕ್ಕೆ ಅಂಗಳವೇ ನಕ್ಕಿತು. ಲಾಡು, ಖಾರಾಬೂಂದಿ ಹಂಚುತ್ತ ಬಂದರು. ನಾವು ಎದ್ದು ಹೊರಬಂದೆವು.

ಸಂಘದಲ್ಲಿ ಅವರಿಗೆ ಜಾಗ ಸಿಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಏನೋ ಒಂದು ಕಾರಣ ಹೇಳಿ ಅರ್ಜಿಯನ್ನು ಹಿಂದಕ್ಕೆ ಕೊಟ್ಟರು. ಒಳ್ಳೆ ಗೂಡೆಲ್ಲ ಸಂಘದವರ ಪಾಲಾಯಿತು, ಉಳಿದ ಗೂಡನ್ನು ತಂದು ನೂಲು ತೆಗೆಯಬೇಕಾಯಿತು. ನೇಕಾರರ ಯಜಮಾನರೂ ಕ್ರಮೇಣ ಸಂಘದ ನೂಲಿಗೇ ಹೋದರು. ಚರಕಗಳಲ್ಲಿ ಒಂದನ್ನು ಮಾರಿದೆವು.

ಆದರೆ ಆ ದಿನ ಶಾಮಿಯಾನದಿಂದ ಮನೆಗೆ ನಡೆದು ಬರುವಾಗ ಅವರ ಮುಖದಲ್ಲಿ ನಾನು ಎಂದೂ ಕಾಣದ ಒಂದು ಕಳೆಯಿತ್ತು. ದಾರಿಯ ಮಧ್ಯೆ ನಿಂತು ನನ್ನ ಕಡೆ ತಿರುಗಿದರು.

"ಕಾಲು ಬ್ರೇಕ್ ಮೇಲೇ ಇತ್ತು ಕಣವ್ವ. ಈಗ ಗೊತ್ತಾಯ್ತು. ಅವ್ನು ಆ ಸುಳ್ಳ ನನ್ ಎದುರ್ಗೇ ಏಳ್ದಾಗ ಎಲ್ಲಾ ನೆಪ್ಪಾಯ್ತು. ಪೂರ್ತಾ ಒತ್ತಿದ್ದೆ. ಬಗ್ಗಿ, ಸೀಟಿಂದ ಎದ್ದು ನಿಂತ್ಕಂಡು ಒತ್ತಿದ್ದೆ. ಏನೂ ಇರ್ನಿಲ್ಲ ಅಲ್ಲಿ. ನಾನು ಒಳ್ಳೆ ಡ್ರೈವರ್ರೇ ಆಗಿದ್ದೆ ಕಣವ್ವ."

ಅತ್ತಿಗೆ ಅಳುತ್ತಿದ್ದರು, ನಗುತ್ತಲೂ ಇದ್ದರು. ನಾನು ಹೌದಣ್ಣ ಎಂದೆ. ಅಷ್ಟು ವರ್ಷ ಅವರನ್ನು ತಿಂದ ಅನುಮಾನ ಹೋಗಿತ್ತು. ಅವರಿಗಾಗಿ ನನಗೆ ನಿಜವಾಗಿಯೂ ಸಂತೋಷವಾಯಿತು. ಆದರೆ ನಾನು ಅಲ್ಲೇ ಹಿಂದೆ ಉಳಿದೆ. ಆ ನಂಬಿಕೆ ಅವರಲ್ಲಿ ಜೀಪು ಹತ್ತಿದ ದಿನವೇ ಇದ್ದಿದ್ದರೆ ಆ ಇಳಿಜಾರಿನಲ್ಲಿ ಅವರು ಇಳಿಯುತ್ತಿರಲಿಲ್ಲ. ಕೋರ್ಟಿನಲ್ಲಿ ಸಾಹುಕಾರರ ಕಡೆಯವರು ಹೇಳಿದ ಆ ಸುಳ್ಳು ಎಷ್ಟೋ ವರ್ಷ ಆಚೆಗೆ ಬಂದು, ಯಾರಿಗೂ ಕಾಣದ ಹಾಗೆ, ನನ್ನ ಮಗುವನ್ನೂ ಒಯ್ದಿತ್ತು. ಆ ಕೇಸನ್ನು ಯಾವ ಕೋರ್ಟೂ ಕೇಳಲಿಲ್ಲ. ಅವರು ಬಿರಬಿರನೆ ಮುಂದೆ ನಡೆಯುತ್ತಿದ್ದರು. ಇದೇ ಮಾತು ಅವರಿಗೂ ಹೊಳೆದಿರಬಹುದೇ ಎಂದು ಹಿಂದಿನಿಂದ ನೋಡುತ್ತಿದ್ದೆ. ಹೊಳೆಯದಿರಲಿ ಎಂದು ಬೇಡಿಕೊಂಡೆ.

ಎಪ್ಪತ್ತರ ದಶಕದ ನಡುವೆ ಒಂದು ಚಳಿಗಾಲ ಅವರು ತೀರಿಕೊಂಡರು. ಹೊಗೆ, ಆವಿ ಕುಡಿದು ಎದೆ ಕೆಟ್ಟಿತ್ತು. ಅವ್ವ ಬಂದು ಹೊಸ್ತಿಲ ಹೊರಗೇ ನಿಂತಳು. ಅಳಲಿಲ್ಲ. "ನನ್ ಮಗಳ್ಗೆ ಒಂದ್ ಬದುಕು ತೋರಿಸ್ದ. ಮೊಮ್ಮಗಳ ಕಳದ. ಎರಡ್ನೂ ಮರೆಯಕಿಲ್ಲ ನಾನು" ಎಂದು ಹೇಳಿ ತಿರುಗಿ ಹೋದಳು. ಅತ್ತಿಗೆ ಚರಕವನ್ನು ನನಗೆ ಬಿಟ್ಟು ಮಾಂಬಳ್ಳಿಗೆ ಹೋದರು. ಚಕ್ರಕ್ಕೆ ಕೂಲಿಯ ಹುಡುಗಿಯೊಬ್ಬಳನ್ನು ನಿಲ್ಲಿಸಿಕೊಂಡು, ಕೈ ನಡುಗುವವರೆಗೂ ಅದರಲ್ಲಿ ದುಡಿದೆ, ನನ್ನ ಅನ್ನವನ್ನು ನಾನೇ ಉಂಡೆ. ಸಾಹುಕಾರರು ತುಂಬ ವರ್ಷ ಬಾಳಿದರು. ಅವರ ಹೆಸರಿನಲ್ಲಿ ಒಂದು ಕಲ್ಯಾಣ ಮಂಟಪವಿದೆ. ನೆಂಟರ ಮದುವೆ ಅಲ್ಲಿ ನಡೆದಾಗಲೆಲ್ಲ ನಾನೂ ಹೋಗಿ ಊಟ ಮಾಡಿ ಬರುತ್ತೇನೆ. ಬೇರೆ ಏನು ಮಾಡಲಿ...

ನನ್ನ ಮಗಳು ಬದುಕಿದ್ದರೆ ಈಗ ಅವಳಿಗೂ ತಲೆ ನರೆತಿರುತ್ತಿತ್ತು. ಅವಳಿಗೆ ಹೆಸರು ಇಡಲಿಲ್ಲ, ಮುಖವನ್ನೂ ನಾನು ನೋಡಲಿಲ್ಲ. ಡ್ರೈವರಣ್ಣನ ಮುಖವಾದರೂ ನೆನಪಿದೆ ಎಂದುಕೊಂಡಿದ್ದೆ. ಮೊನ್ನೆ ಲಾರಿ ಹೋದ ಮೇಲೆ ಬಸ್ ನಿಲ್ದಾಣದ ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಎಷ್ಟು ಪ್ರಯತ್ನಪಟ್ಟರೂ ಬಂದದ್ದು ಒದ್ದೆಯಾದ ಬೆನ್ನೊಂದೇ.